ಮನೆಯ ಸಿಸಿ ಕ್ಯಾಮೆರಾ ಹ್ಯಾಕ್ ಆಗದಂತೆ ನೋಡಿಕೊಳ್ಳುವುದು ಹೇಗೆ?

ದುಬಾರಿ ಕ್ಯಾಮೆರಾ ಹಾಕಿಸಿದರೆ ಹ್ಯಾಕ್ ಆಗುವ ಭಯವಿಲ್ಲವೇ ಎಂದು ಕೇಳಿದ್ದೀರಿ. ಬೆಲೆಯ ಮಾತು ಆಮೇಲೆ. ನಿಮ್ಮ ಕ್ಯಾಮೆರಾಕ್ಕೆ ಪಾಸ್‌ವರ್ಡ್ ಇಟ್ಟವರು ಯಾರು, ಅದನ್ನು ಮೊದಲು ಹೇಳಿ.

ನಮ್ಮ ಮನೆ ದಾವಣಗೆರೆಯ ನಿಟುವಳ್ಳಿಯಲ್ಲಿದೆ. ಅಮ್ಮ ಒಬ್ಬರೇ ಇರುತ್ತಾರೆಂದು ನಾಲ್ಕು ಕ್ಯಾಮೆರಾ ಹಾಕಿಸಿದೆವು. ಕೂರಿಸಲು ಬಂದ ಹುಡುಗ ಒಳ್ಳೆಯವನೇ. ಅಮ್ಮ ಕೊಟ್ಟ ಮಂಡಕ್ಕಿ, ಮಿರ್ಚಿ ತಿಂದು, ಸಂಜೆಯೊಳಗೆ ಕೆಲಸ ಮುಗಿಸಿ, ದೃಶ್ಯ ದಾಖಲಿಸಿಕೊಳ್ಳುವ ಡಿವಿಆರ್ ಪೆಟ್ಟಿಗೆಯ ಮೇಲೆ ಮಾರ್ಕರ್‌ನಿಂದ ಪಾಸ್‌ವರ್ಡ್ ಬರೆದು ಹೋದ. ಅಂಗಡಿಯ ಹೆಸರು, ಅದರ ಮುಂದೆ 123. ಆರು ತಿಂಗಳ ನಂತರ ಎದುರು ಮನೆಯವರು ತಮ್ಮ ಪಾಸ್‌ವರ್ಡ್ ಮರೆತು ನನ್ನನ್ನು ಕರೆದರು. ಸುಮ್ಮನೆ ನಮ್ಮದನ್ನೇ ಒತ್ತಿದೆ, ತೆರೆದುಕೊಂಡಿತು! ಅವರು ನಕ್ಕರು. ನನಗೆ ನಗು ಬರಲಿಲ್ಲ. ಅಂದು ರಾತ್ರಿ ಕ್ಯಾಮೆರಾ ಆ್ಯಪ್‌ನಲ್ಲಿ, ದೃಶ್ಯ ಯಾರ್ಯಾರಿಗೆ ಕಾಣುತ್ತದೆಂದು ತೋರಿಸುವ ಶೇರ್ ಪಟ್ಟಿ ತೆರೆದರೆ ಮೂರು ಮೊಬೈಲ್‌ಗಳಿದ್ದವು: ನನ್ನದು, ತಂಗಿಯದು, ಆ ಹುಡುಗನದು. ಪರೀಕ್ಷಿಸಲೆಂದು ಸೇರಿಸಿದವನು ತೆಗೆಯಲು ಮರೆತನಂತೆ. ಇರಬಹುದು. ಆದರೆ ಆರು ತಿಂಗಳು ನಮ್ಮ ಪಡಸಾಲೆ ಅವನ ಜೇಬಿನಲ್ಲಿತ್ತು.

ದೂರದ ಕಳ್ಳರ ದಾರಿಯೂ ಇದೇ. 2016ರಲ್ಲಿ ಮಿರಾಯ್ ಎಂಬ ಕುತಂತ್ರಾಂಶ ಕ್ಯಾಮೆರಾ, ಡಿವಿಆರ್, ರೂಟರ್‌ಗಳನ್ನು ಲಕ್ಷಗಟ್ಟಲೆ ವಶಪಡಿಸಿಕೊಂಡಿತು. ಅದರ ಬತ್ತಳಿಕೆಯಲ್ಲಿದ್ದದ್ದು ಕಾರ್ಖಾನೆಯವರೇ ಇಟ್ಟುಕೊಟ್ಟ ಸುಮಾರು 60 ಹೆಸರು-ಪಾಸ್‌ವರ್ಡ್ ಜೋಡಿಗಳು, ಅಷ್ಟೇ. ಅದೇ ವರ್ಷ ಅಕ್ಟೋಬರ್ 21ರಂದು ಅಮೆರಿಕದ ಹಲವೆಡೆ ಟ್ವಿಟರ್, ನೆಟ್‌ಫ್ಲಿಕ್ಸ್ ತೆರೆಯದಂತೆ ಮಾಡಿದ ದಾಳಿಯಲ್ಲಿ ಈ ಕ್ಯಾಮೆರಾಗಳ ಪಾಲೂ ಇತ್ತು.

ಆದ್ದರಿಂದ ಇಂದೇ ಡಿವಿಆರ್‌ನ ಅಡ್ಮಿನ್ ಪಾಸ್‌ವರ್ಡ್ ಬದಲಿಸಿ. ಆ್ಯಪ್‌ನದು ಬೇರೆ ಇರಲಿ, ಅದಕ್ಕೆ ಒಟಿಪಿ ಸೌಲಭ್ಯವಿದ್ದರೆ ಹಾಕಿಕೊಳ್ಳಿ. ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಶೇರ್ ಆದ ಮೊಬೈಲ್ ತಾನಾಗಿ ಹೋಗುತ್ತದೆಂದು ನಂಬಬೇಡಿ, ಕೈಯಾರೆ ತೆಗೆಯಿರಿ. ಡಿವಿಆರ್ ಅಂಗಡಿಯವರ ಖಾತೆಯಲ್ಲೇ ನೋಂದಣಿಯಾಗಿದ್ದರೆ ಬಿಡಿಸಿಕೊಂಡು ನಿಮ್ಮ ಮೊಬೈಲ್ ಸಂಖ್ಯೆಗೆ ಹಾಕಿಸಿ. ಈ ಒಂದು ವಿಷಯದಲ್ಲಿ ದಾಕ್ಷಿಣ್ಯ ಬೇಡ. ಹೊರಗಿನಿಂದ ನೋಡಲೆಂದು ರೂಟರ್‌ನಲ್ಲಿ ಪೋರ್ಟ್, ಅಂದರೆ ಇಂಟರ್ನೆಟ್‌ನಿಂದ ಒಳಬರುವ ಬಾಗಿಲು, ತೆರೆದಿದ್ದರೆ ಮುಚ್ಚಿಸಿ. ಹಾಗೆ ತೆರೆದಿಟ್ಟ ಕ್ಯಾಮೆರಾಗಳನ್ನು ಹುಡುಕಿಕೊಡಲು ಶೋಡನ್‌ನಂತಹ ಜಾಲತಾಣಗಳೇ ಇವೆ. ಕ್ಯಾಮೆರಾ, ಡಿವಿಆರ್‌ಗಳ ಒಳಗಿನ ತಂತ್ರಾಂಶಕ್ಕೆ (ಫರ್ಮ್‌ವೇರ್) ಅಪ್‌ಡೇಟ್ ಬಂದಾಗ ಹಾಕಿ.

ಹೊಸದು ಕೊಳ್ಳುವುದಾದರೆ, 2025ರ ಏಪ್ರಿಲ್‌ನಿಂದ ಸಿಸಿ ಕ್ಯಾಮೆರಾಗಳಿಗೆ ಕೇಂದ್ರ ಸರ್ಕಾರ ಭದ್ರತಾ ಪರೀಕ್ಷೆ ಕಡ್ಡಾಯ ಮಾಡಿದೆ. ಬಿಲ್ ಸಹಿತ ಅಂಥದ್ದನ್ನೇ ಕೇಳಿ. ದೃಶ್ಯ ಎಲ್ಲಾದರೂ ಸೋರಿದ್ದು ಗೊತ್ತಾದರೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ಮಲಗುವ ಕೋಣೆ, ಪಡಸಾಲೆಗಳಿಗೆ ಕ್ಯಾಮೆರಾ ಏಕೆ ಬೇಕು ಎಂಬುದು ನನಗೆ ಈಗಲೂ ತಿಳಿಯದು. ನಮ್ಮ ಪಡಸಾಲೆಯದನ್ನು ಕಿತ್ತಿದ್ದೇನೆ. ಅದೀಗ ಹಿತ್ತಲಿನ ತೆಂಗಿನಮರ ಕಾಯುತ್ತಿದೆ.