ಕಾರ್ಖಾನೆ ಹಂಚಿದವರು ಕರೆಂಟ್ ಬಿಲ್ ವಸೂಲಿಗೆ ನಿಂತದ್ದು

ಪ್ರಶ್ನೆ: ರಷ್ಯಾದ ಸರ್ಕಾರಿ ಕಾರ್ಖಾನೆಗಳನ್ನು ಖಾಸಗಿಯವರಿಗೆ ವಹಿಸಿದ ಅನತೋಲಿ ಚುಬೈಸ್ ಅವರೇ ಮುಂದೆ ಅಲ್ಲಿನ ವಿದ್ಯುತ್ ಕಂಪನಿಯ ಮುಖ್ಯಸ್ಥರಾದರೆಂದು ಓದಿದೆ. ಅವರ ಕೆಲಸವನ್ನು ಹೇಗೆ ಅಳೆಯಬೇಕು? ನಮ್ಮ ವಿದ್ಯುತ್ ವಿತರಣಾ ಕಂಪನಿ ಹೆಸ್ಕಾಂ ಹುಟ್ಟಿದ್ದೂ ಅಂಥದೇ ಸುಧಾರಣೆಯಿಂದಲೇ?
– ಓದುಗರೊಬ್ಬರು, ಗದಗ

ಉತ್ತರ: 1955ರಲ್ಲಿ ಹುಟ್ಟಿ, ಲೆನಿನ್‌ಗ್ರಾಡ್‌ನಲ್ಲಿ ಅರ್ಥಶಾಸ್ತ್ರ ಓದಿದ ಚುಬೈಸ್, ಅರ್ಥಶಾಸ್ತ್ರಜ್ಞ ಯೆಗೋರ್ ಗೈದಾರ್ ಅವರ ಸುಧಾರಕರ ತಂಡದೊಡನೆ 1991ರ ನವೆಂಬರ್‌ನಲ್ಲಿ ಸರ್ಕಾರಿ ಆಸ್ತಿ ಸಮಿತಿಯ ಹೊಣೆ ಹೊತ್ತಾಗ ಅವರಿಗೆ 36 ವರ್ಷ. ಹಳೆಯ ವ್ಯವಸ್ಥೆ ಮರಳಿ ಬರದಂತೆ ಆಸ್ತಿಯನ್ನು ಬೇಗ ಜನರ ಕೈಗೆ ದಾಟಿಸಬೇಕೆಂಬುದು ಅವರ ನಿಲುವಾಗಿತ್ತು. ಅದಕ್ಕಾಗಿ 1992ರ ಅಕ್ಟೋಬರ್‌ನಿಂದ ಎಳೆಯ ಮಕ್ಕಳೂ ಸೇರಿ ಪ್ರತಿಯೊಬ್ಬ ನಾಗರಿಕನಿಗೆ 25 ರೂಬಲ್ ಶುಲ್ಕ ಪಡೆದು, ಕಾರ್ಖಾನೆಗಳ ಷೇರಿಗೆ ಬದಲಿಸಿಕೊಳ್ಳಬಹುದಾದ, 10,000 ರೂಬಲ್ ಮುಖಬೆಲೆಯ ಒಂದೊಂದು ವೌಚರ್ ಕೊಡಲಾಯಿತು. ಒಂದು ವೌಚರ್ ಎರಡು ವೋಲ್ಗಾ ಕಾರುಗಳ ಬೆಲೆ ಬಾಳುತ್ತದೆ ಎಂದ ಅವರ ಮಾತನ್ನು ರಷ್ಯನ್ನರು ಇಂದಿಗೂ ಕ್ಷಮಿಸಿಲ್ಲ. ಆ ಒಂದೇ ವರ್ಷದಲ್ಲಿ ಬೆಲೆಗಳು ಸುಮಾರು 26 ಪಟ್ಟು ಏರಿದ್ದವು. ವೌಚರ್ ಮೇಲೆ ಯಾರ ಹೆಸರೂ ಇರಲಿಲ್ಲವಾದ್ದರಿಂದ ಯಾರು ಬೇಕಾದರೂ ಅದನ್ನು ಕೊಳ್ಳಬಹುದಿತ್ತು. ಕೈಯಲ್ಲಿ ಕಾಸಿಲ್ಲದ ರೈತ ಮೆಣಸಿನಕಾಯಿಯನ್ನು ಬ್ಯಾಡಗಿ ಮಾರುಕಟ್ಟೆಗೆ ಒಯ್ಯುವ ಮೊದಲೇ ಊರಲ್ಲಿ ಬಂದ ಬೆಲೆಗೆ ಕೊಟ್ಟುಬಿಡುವಂತೆ, ಅನೇಕರು ಅದನ್ನು ಬೀದಿಯಲ್ಲೇ ಮಾರಿಬಿಟ್ಟರು. ಕೊಳ್ಳಲು ಹಣವಿದ್ದವರ ಕೈಗೆ ಷೇರುಗಳು ಸೇರಿದವು.

ಇದಕ್ಕಿಂತ ಗಂಭೀರ ತಪ್ಪು 1995ರಲ್ಲಿ ನಡೆಯಿತೆಂದು ನನ್ನ ಅಭಿಪ್ರಾಯ. ಸರ್ಕಾರ ದೊಡ್ಡ ತೈಲ ಮತ್ತು ಲೋಹದ ಕಂಪನಿಗಳ ಷೇರುಗಳನ್ನು ಬ್ಯಾಂಕುಗಳಲ್ಲಿ ಅಡವಿಟ್ಟು ಸಾಲ ಪಡೆಯಿತು. ಸಾಲ ತೀರಲಿಲ್ಲ, ಅಡವಿನ ಷೇರುಗಳು ಹರಾಜಿನಲ್ಲಿ ಬಹುಮಟ್ಟಿಗೆ ಸಾಲ ಕೊಟ್ಟವರ ಪಾಲಾದವು. ಬೆಲೆಯ ಬಗ್ಗೆ ಪೈಪೋಟಿಯೇ ಇಲ್ಲದ ಇಂಥ ಹರಾಜಿಗೆ ಚುಬೈಸ್ ಬೆಂಬಲ ಕೊಟ್ಟದ್ದನ್ನು ಅವಸರದ ಹೆಸರಿನಲ್ಲಿ ಸಮರ್ಥಿಸಲಾಗದು.

1996ರಲ್ಲಿ ಅಧ್ಯಕ್ಷ ಯೆಲ್ಟ್‌ಸಿನ್ ಅವರ ಚುನಾವಣಾ ಪ್ರಚಾರ, ಆಮೇಲೆ ಅಧ್ಯಕ್ಷರ ಕಚೇರಿ, ಹಣಕಾಸು ಖಾತೆ ಎಲ್ಲವನ್ನೂ ದಾಟಿ, 1998ರಲ್ಲಿ ಸರ್ಕಾರದಿಂದ ಹೊರಬಿದ್ದ ಅವರು ಅದೇ ಏಪ್ರಿಲ್‌ನಲ್ಲಿ ರಾವ್ ಯುಇಎಸ್ ಎಂಬ ವಿದ್ಯುತ್ ಕಂಪನಿಯ ಮುಖ್ಯಸ್ಥರಾದರು. ಅದರ ಅರ್ಧಕ್ಕಿಂತ ಹೆಚ್ಚು ಷೇರು ಸರ್ಕಾರದ್ದಾಗಿದ್ದರಿಂದ ಈ ನೇಮಕದಲ್ಲಿ ಅಚ್ಚರಿಯಿಲ್ಲ. ಆಗ ಕಂಪನಿಗೆ ಬರಬೇಕಾದ ಬಿಲ್ಲಿನಲ್ಲಿ ನಗದಾಗಿ ಬರುತ್ತಿದ್ದುದು ಶೇ. 20ಕ್ಕಿಂತ ಕಡಿಮೆ, ಉಳಿದದ್ದು ಸಾಮಾನಿನ ರೂಪದಲ್ಲಿ, ಹುಂಡಿಗಳಲ್ಲಿ, ಇಲ್ಲವೇ ಬಾಕಿಯಾಗಿ. ಚುಬೈಸ್ ಬಾಕಿದಾರರ ಸಂಪರ್ಕ ಕಡಿಸಿದರು, ಸೇನೆಯ ಘಟಕಗಳನ್ನೂ ಬಿಡಲಿಲ್ಲ. ಕೆಲವೇ ವರ್ಷಗಳಲ್ಲಿ ಬಿಲ್ ನಗದಿನಲ್ಲೇ ಬರತೊಡಗಿತು. ಆ ಮೇಲೆ ಉತ್ಪಾದನೆ, ಸಾಗಣೆ, ಮಾರಾಟಗಳನ್ನು ಬೇರೆಬೇರೆ ಮಾಡಿ, ಉತ್ಪಾದನಾ ಕಂಪನಿಗಳಲ್ಲಿ ಹಲವನ್ನು ಇಟಲಿ, ಜರ್ಮನಿ, ಫಿನ್‌ಲೆಂಡಿನ ಕಂಪನಿಗಳೂ ಸೇರಿದಂತೆ ಖಾಸಗಿಯವರಿಗೆ ಮಾರಿದರು. 2005ರ ಮಾರ್ಚ್‌ನಲ್ಲಿ ಅವರ ಕಾರಿನ ಮೇಲೆ ಬಾಂಬ್ ಮತ್ತು ಗುಂಡಿನ ದಾಳಿ ನಡೆಯಿತು. ಮೇ ತಿಂಗಳಲ್ಲಿ ಮಾಸ್ಕೋದ ದೊಡ್ಡ ಭಾಗ ಕತ್ತಲಾದಾಗ ಜನರ ಕೋಪವೂ ಅವರ ಮೇಲೆಯೇ ತಿರುಗಿತು. ಆದರೂ ಕೆಲಸ ನಿಲ್ಲಲಿಲ್ಲ. 2008ರ ಜುಲೈ 1ರಂದು ರಾವ್ ಯುಇಎಸ್ ವಿಸರ್ಜನೆಯಾಯಿತು. ಮುಖ್ಯಸ್ಥರಾಗಿದ್ದವರೇ ತಮ್ಮ ಕಂಪನಿಯನ್ನು ಯೋಜನೆಯಂತೆ ಮುಚ್ಚಿದ್ದು ನನಗೆ ಅವರ ಬದುಕಿನ ಅತಿ ಗಟ್ಟಿ ಕೆಲಸವಾಗಿ ಕಾಣುತ್ತದೆ. ಆಮೇಲೆ 2020ರವರೆಗೆ ನ್ಯಾನೋ ತಂತ್ರಜ್ಞಾನದ ಸರ್ಕಾರಿ ಸಂಸ್ಥೆ ರುಸ್‌ನಾನೋ ನಡೆಸಿ, 2022ರ ಮಾರ್ಚ್‌ನಲ್ಲಿ ದೇಶ ಬಿಟ್ಟರು.

ಇನ್ನು ಹೆಸ್ಕಾಂ. ನಮ್ಮ ವಿದ್ಯುತ್ ಮಂಡಳಿ 1999ರಲ್ಲಿ ಕೆಪಿಟಿಸಿಎಲ್ (ಕರ್ನಾಟಕ ವಿದ್ಯುತ್ ಪ್ರಸರಣ ನಿಗಮ) ಆಗಿ, 2002ರಲ್ಲಿ ವಿತರಣೆಯ ಕೆಲಸ ಬೇರ್ಪಟ್ಟು, ಹುಬ್ಬಳ್ಳಿಯ ನವನಗರದಲ್ಲಿ ಕಚೇರಿಯಿರುವ ಹೆಸ್ಕಾಂ ಬಂತು. ಸಾಗಣೆ, ವಿತರಣೆಗಳನ್ನು ಬಿಡಿಸಿಡುವ ಯೋಚನೆ ಎರಡೂ ಕಡೆ ಒಂದೇ. ಆದರೆ ನಿಮ್ಮ ಮನೆಯ ಮೀಟರ್ ಓದಿ ಬಿಲ್ ಕೊಡುವ ಕಂಪನಿಯ ಒಡೆತನ ಇಂದಿಗೂ ರಾಜ್ಯ ಸರ್ಕಾರದ್ದೇ.