ಲಿಫ್ಟ್ ಆಮೇಲೆ, ಮೊದಲು ಬಾತ್‌ರೂಮು

ಓದುಗರೊಬ್ಬರ ಪತ್ರ ಬಂದಿದೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕಿಲ್ಲ. ಸಾರಾಂಶ ಇಷ್ಟು:

"ನನಗೆ 62, ನಮ್ಮ ಮನೆಯವರಿಗೆ 67. ಇಬ್ಬರಿಗೂ ನಿವೃತ್ತಿಯಾಗಿದೆ. ಮಕ್ಕಳಿಬ್ಬರೂ ದೂರದಲ್ಲಿದ್ದಾರೆ. ಕೊನೇತನಕ ಈ ಮನೆಯಲ್ಲೇ ಇರಬೇಕು ಅಂತ ನಮ್ಮ ಆಸೆ. ಮಲಗುವ ಕೋಣೆ ಮಹಡಿ ಮೇಲಿದೆ, ನನಗೆ ಮಂಡಿನೋವು. ಕೆಳಗೂ ಒಂದು ಚಿಕ್ಕ ರೂಮಿದೆ, ತುಂಬಾ ಹಳೇ ಸಾಮಾನು. ಕೂಡಿಟ್ಟ ದುಡ್ಡಿನಲ್ಲಿ ಲಿಫ್ಟ್ ಹಾಕಿಸೋಣ ಅಂತ ನಾನು. ಈಗಲೇ ಏನವಸರ ಅಂತ ಅವರು. ಮನೆಯನ್ನು ನನ್ನ ಹೆಸರಿಗೆ ಮಾಡಿಬಿಡಿ, ಮುಂದೆ ತಾಪತ್ರಯ ಇರಲ್ಲ ಅಂತ ಮಗ. ಏನು ಮಾಡಲಿ?"

ನಮಸ್ಕಾರ. ನಿಮ್ಮ ಪೂರ್ತಿ ಪತ್ರದಲ್ಲಿ ಲಿಫ್ಟಿನ ಮಾತು ನಾಲ್ಕು ಸಲ ಬಂದಿದೆ. ಬಾತ್‌ರೂಮಿನ ಮಾತು ಒಂದು ಸಲವೂ ಇಲ್ಲ. ಹಾಗಾಗಿ ಅಲ್ಲಿಂದಲೇ ಶುರು ಮಾಡುತ್ತೇನೆ.

ನಮ್ಮಮ್ಮ ಸ್ನಾನ ಮುಗಿಸಿ ಏಳುವಾಗ ಟವೆಲ್ ರಾಡ್ ಹಿಡಿದುಕೊಳ್ಳುತ್ತಿದ್ದರು. ಅದು ನಮಗ್ಯಾರಿಗೂ ಗೊತ್ತಿರಲಿಲ್ಲ. ಒಂದು ದಿನ ರಾಡ್ ಕಿತ್ತು ಕೈಗೆ ಬಂತು. ಎರಡು ಸ್ಕ್ರೂ, ಎರಡು ಪ್ಲಾಸ್ಟಿಕ್ ಪ್ಲಗ್ಗು, ಒಂದಿಷ್ಟು ಟೈಲ್ಸ್ ಪುಡಿ, ಅಷ್ಟೇ ಅದನ್ನು ಹಿಡಿದಿದ್ದದ್ದು. ಅಮ್ಮನ ಮಣಿಕಟ್ಟಿಗೆ ಆರು ವಾರ ಪ್ಲಾಸ್ಟರ್. ಸೊಂಟ ಮುರಿಯಲಿಲ್ಲವಲ್ಲ ಅಂತ ಸಮಾಧಾನ ಮಾಡಿಕೊಂಡೆವು. ಬಿದ್ದು ಸಾಯುವವರು ಪ್ರಪಂಚದಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಅನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಅರವತ್ತು ದಾಟಿದವರೇ ಜಾಸ್ತಿ.

ಟವೆಲ್ ರಾಡ್ ಟವೆಲ್ಲಿಗೆ. ಮನುಷ್ಯರ ಭಾರಕ್ಕೆ ಅಂತಲೇ ಹಿಡಿಕೆ ಕಂಬಿ ಸಿಗುತ್ತದೆ. ನೂರು ಕಿಲೋಗೂ ಜಾಸ್ತಿ ತಡೆಯುವಂಥದ್ದು, ಗೋಡೆಯ ಗಟ್ಟಿ ಭಾಗಕ್ಕೇ ಬೋಲ್ಟ್ ಹಾಕಿ ಕೂರಿಸಬೇಕು. ಕಮೋಡಿನ ಪಕ್ಕ ಒಂದು, ಸ್ನಾನದ ಜಾಗದಲ್ಲಿ ಒಂದು. ನೆಲದಿಂದ 33ರಿಂದ 36 ಇಂಚು ಎತ್ತರ ಅನ್ನುವುದು ಸಾಮಾನ್ಯ ಲೆಕ್ಕ. ಆದರೂ ಡ್ರಿಲ್ ಹಿಡಿದವರು ಬಂದಾಗ ನೀವೇ ಕೂತು ಎದ್ದು ನೋಡಿ, ಕೈ ತಾನಾಗಿ ಎಲ್ಲಿಗೆ ಹೋಗುತ್ತದೋ ಅಲ್ಲಿ ಪೆನ್ಸಿಲ್‌ನಲ್ಲಿ ಗುರುತು ಹಾಕಿ. ಮನೆಯವರದ್ದೂ ಹಾಗೇ ನೋಡಿ. ಇಬ್ಬರ ಎತ್ತರ ಒಂದೇ ಇರಲ್ಲ, ಅಲ್ವಾ?

ಬಾಗಿಲು ಯಾವ ಕಡೆ ತೆರೆಯುತ್ತದೆ ನೋಡಿ. ಒಳಗೆ ತೆರೆದುಕೊಳ್ಳುವ ಬಾಗಿಲಾದರೆ, ಬಿದ್ದವರು ಅದಕ್ಕೇ ಅಡ್ಡ ಬಿದ್ದಿರುತ್ತಾರೆ. ಹೊರಗಿನಿಂದ ಎಷ್ಟು ತಳ್ಳಿದರೂ ಬರಲ್ಲ. ಹೊರಕ್ಕೆ ತೆರೆಯುವಂತೆ ಮಾಡಿಸಿ, ಚಿಲಕ ಹೊರಗಿನಿಂದಲೂ ತೆಗೆಯುವಂತಿರಲಿ. ಅದೇ ಖರ್ಚಿನಲ್ಲಿ 32 ಇಂಚು ಅಗಲ ಬಿಡಿಸಿದರೆ ಮುಂದೆ ಗಾಲಿಕುರ್ಚಿಯೂ ನುಗ್ಗುತ್ತದೆ.

ಇನ್ನು ಬೆಳಕು. ಅರವತ್ತರ ಕಣ್ಣಿನೊಳಗೆ ಹೋಗುವ ಬೆಳಕು ಇಪ್ಪತ್ತರ ಕಣ್ಣಿಗೆ ಹೋಗುವುದರ ಸುಮಾರು ಮೂರನೇ ಒಂದು ಭಾಗ. ಮಕ್ಕಳು ಬಂದಾಗ "ಇಷ್ಟೊಂದು ಲೈಟ್ ಯಾಕೆ" ಅಂದರೆ ಸುಮ್ನೆ ನಕ್ಕುಬಿಡಿ. ಹಾಸಿಗೆಯಿಂದ ಕಮೋಡಿನವರೆಗೆ ರಾತ್ರಿಯಿಡೀ ಉರಿಯುವ ಸಣ್ಣ ದೀಪಗಳಿರಲಿ. ಮಲಗಿದ್ದವರು ದಡಕ್ಕನೆ ಎದ್ದರೆ ಬಿಪಿ ಇಳಿದು ತಲೆ ಸುತ್ತಬಹುದು. ಹಾಸಿಗೆಯ ಅಂಚಿನಲ್ಲಿ ಒಂದು ನಿಮಿಷ ಕೂತು ಏಳಿ. ಇದಕ್ಕೆ ಪೈಸೆ ಖರ್ಚಿಲ್ಲ.

ಈಗ ಲಿಫ್ಟು. ಬೇಡ ಅನ್ನುತ್ತೇನೆ, ಈಗಲಂತೂ ಬೇಡ. ಕೆಳಗೆ ರೂಮಿದೆಯಲ್ಲ! ಸಾಮಾನಿಗೆ ನೆಲದ ಮಹಡಿ ಕೊಟ್ಟು ಮಂಡಿನೋವಿನವರು ಮೇಲೆ ಮಲಗುವುದು ಯಾವ ನ್ಯಾಯ? ಮೆಟ್ಟಿಲಿಗೆ ಎರಡೂ ಕಡೆ ಕೈಹಿಡಿ ಹಾಕಿಸಿ, ಪ್ರತಿ ಮೆಟ್ಟಿಲಿನ ಅಂಚಿಗೆ ಬೇರೆ ಬಣ್ಣದ ಪಟ್ಟಿ ಬಳಿಸಿ, ಅಷ್ಟು ಸಾಕು. ಮುಂಬಾಗಿಲಿನ ಮೆಟ್ಟಿಲಿಗೆ ಇಳಿಜಾರು ಮಾಡಿಸುವ ಯೋಚನೆ ಬಂದರೆ ಮೊದಲು ಟೇಪ್ ಹಿಡಿಯಿರಿ. ಒಂದು ಇಂಚು ಎತ್ತರಕ್ಕೆ ಹನ್ನೆರಡು ಇಂಚು ಉದ್ದ ಬೇಕು. ಆರಾರು ಇಂಚಿನ ಮೂರು ಮೆಟ್ಟಿಲಿದ್ದರೆ 18 ಅಡಿ ಆಯಿತು. ಅಷ್ಟು ಜಾಗ ಇಲ್ಲದೆ ಕಡಿದಾಗಿ ಕಟ್ಟಿದರೆ ಅದು ಜಾರುಬಂಡೆ.

ಲಿಫ್ಟ್ ಬೇಡ ಅನ್ನುವುದಕ್ಕೆ ದೊಡ್ಡ ಕಾರಣ ಬೇರೆ. ಮನೆ ರಿಪೇರಿ ಒಂದು ಸಲದ ಖರ್ಚು. ಜೊತೆಗಿದ್ದು ನೋಡಿಕೊಳ್ಳುವ ಜನರ ಖರ್ಚು ತಿಂಗಳು ತಿಂಗಳು ಬರುತ್ತದೆ. ಹಾಳೆ ತೆಗೆದುಕೊಂಡು ಲೆಕ್ಕ ಹಾಕಿ. ವಾರಕ್ಕೆ 168 ಗಂಟೆ. ಒಬ್ಬರು ದಿನಕ್ಕೆ ಎಂಟು ಗಂಟೆಯಂತೆ ಆರು ದಿನ ಬಂದರೆ 48. ಹಗಲೂ ರಾತ್ರಿ ಒಬ್ಬರು ಪಕ್ಕದಲ್ಲಿರಬೇಕಾದ ಪರಿಸ್ಥಿತಿ ಬಂದರೆ ಮೂರೂವರೆ ಜನರ ಸಂಬಳ! ಆ ಕಾಲ ಎಲ್ಲರಿಗೂ ಬರಲ್ಲ, ಬಂದರೂ ಬಹಳ ದಿನ ಇರದೇ ಹೋಗಬಹುದು. ಆದರೆ ಬೆಳಗಿನ ಹೊತ್ತು ನಾಲ್ಕು ತಾಸಿನ ಸಹಾಯವಂತೂ ಬೇಕಾದೀತು. ಅದರ ಇವತ್ತಿನ ದರ ವಿಚಾರಿಸಿ ಬರೆದಿಡಿ. ಬೆಲೆ ವರ್ಷಕ್ಕೆ ಶೇಕಡಾ 6ರಂತೆ ಏರಿದರೆ 12 ವರ್ಷಕ್ಕೆ ಅದು ಎರಡರಷ್ಟಾಗುತ್ತದೆ. 72ನ್ನು ಏರಿಕೆಯ ದರದಿಂದ ಭಾಗಿಸಿದರೆ ಎರಡರಷ್ಟಾಗಲು ಸುಮಾರು ಎಷ್ಟು ವರ್ಷ ಅಂತ ಸಿಗುತ್ತದೆ. ನಿಮಗಾಗ 74. ಲಿಫ್ಟಿನ ದುಡ್ಡನ್ನು ಆ ಹೊತ್ತಿಗೆ ಇಟ್ಟುಕೊಳ್ಳಿ.

ಹಾಗಂತ ಎಲ್ಲವನ್ನೂ ಒಂದೇ ದೊಡ್ಡ ಠೇವಣಿಯಲ್ಲಿ ಬೀಗ ಹಾಕಬೇಡಿ. ಬೇರೆ ಬೇರೆ ವರ್ಷ ಮುಗಿಯುವಂತೆ ಸಣ್ಣ ಸಣ್ಣದಾಗಿ ಇಡಿ. ಖಾತೆ ಜಂಟಿಯಾಗಿದ್ದು, ಇಬ್ಬರಲ್ಲಿ ಯಾರ ಸಹಿಯಿಂದಾದರೂ ಹಣ ತೆಗೆಯುವಂತಿರಲಿ. ಒಬ್ಬರು ಐಸಿಯುನಲ್ಲಿದ್ದಾಗ ಚೆಕ್ಕಿಗೆ ಅವರದೇ ಸಹಿ ಬೇಕು ಅಂದರೆ ಏನು ಮಾಡುತ್ತೀರಿ? ಪವರ್ ಆಫ್ ಅಟಾರ್ನಿ, ಅಂದರೆ ನಮ್ಮ ಪರವಾಗಿ ವ್ಯವಹಾರ ಮಾಡಲು ಇನ್ನೊಬ್ಬರಿಗೆ ಕೊಡುವ ಅಧಿಕಾರ ಪತ್ರ, ಬರೆದುಕೊಟ್ಟರೆ ಸಾಕು ಅಂತ ಯಾರಾದರೂ ಹೇಳಿಯಾರು. ಎಷ್ಟೋ ದೇಶಗಳ ಕಾನೂನಿನಲ್ಲಿ, ಕೊಟ್ಟವರಿಗೆ ಬುದ್ಧಿ ಸ್ವಾಧೀನ ತಪ್ಪಿದರೆ ಮಾಮೂಲಿ ಅಧಿಕಾರ ಪತ್ರ ಬಿದ್ದುಹೋಗುತ್ತದೆ. ಅದು ಬೇಕಾಗುವುದೇ ಆಗ! ವಕೀಲರ ಹತ್ತಿರ ಈ ಒಂದು ಪ್ರಶ್ನೆಯನ್ನು ತಪ್ಪದೆ ಕೇಳಿ.

ಮಗನ ಮಾತಿಗೆ ಬರುತ್ತೇನೆ. ಅವನ ಮನಸ್ಸಿನಲ್ಲಿ ಕೆಟ್ಟದ್ದಿದೆ ಅಂತ ನಾನು ಹೇಳುತ್ತಿಲ್ಲ. ಆದರೂ ಮನೆ ನಿಮ್ಮ ಹೆಸರಲ್ಲೇ ಇರಲಿ. ಉಯಿಲು ಬರೆಯಿರಿ, ಮನಸ್ಸು ಬದಲಾದರೆ ಬದುಕಿರುವವರೆಗೂ ಬದಲಾಯಿಸಬಹುದು. ದಾನಪತ್ರ ಮಾಡಿಕೊಟ್ಟ ಮೇಲೆ ವಾಪಸ್ ಪಡೆಯುವುದು ಬಲು ಕಷ್ಟ. ನಾಳೆ ದುಡ್ಡು ಮುಗಿದರೆ ಬಾಡಿಗೆಗೆ ಕೊಡಲು, ಸಾಲ ತೆಗೆಯಲು, ಮಾರಿ ಚಿಕ್ಕ ಮನೆಗೆ ಹೋಗಲು ನಿಮಗಿರುವುದು ಈ ಮನೆ ಒಂದೇ. ಮಗನನ್ನು ಕೂರಿಸಿಕೊಂಡು ಇದನ್ನೇ ಹೇಳಿ. ಮಗಳಿಗೂ ಅದೇ ದಿನ ಹೇಳಿ, ಇಬ್ಬರಿಗೂ ಬೇರೆ ಬೇರೆ ಮಾತು ತಲುಪಬಾರದು.

"ಏನವಸರ" ಅನ್ನುವ ಯಜಮಾನರಿಗೆ ಒಂದು ಕೆಲಸ ಕೊಡಿ. ಕೆಳಗಿನ ರೂಮು ಖಾಲಿ ಮಾಡಿಸಲಿ. ಒಂದು ತಿಂಗಳು ಇಬ್ಬರೂ ಅಲ್ಲೇ ಮಲಗಿ ನೋಡಿ, ಒಗ್ಗಿತೋ ಇಲ್ಲವೋ ನನಗೆ ಬರೆಯಿರಿ. ಲಿಫ್ಟಿನ ಕೊಟೇಶನ್ ಹರಿಯಬೇಡಿ, ಬೀರುವಿನಲ್ಲಿರಲಿ. ಟವೆಲ್ ರಾಡ್ ಮಾತ್ರ ಈ ವಾರವೇ ಎಳೆದು ನೋಡಿ.