ಕಸ ಬೀಳುವುದಕ್ಕೆ ಕಾಯಬೇಡಿ, ಕರುವನ್ನು ಕೆಚ್ಚಲಿಗೆ ಬಿಡಿ

ತಂಗಿ, ನಿಮ್ಮ ಎರಡೂ ಪ್ರಶ್ನೆಗಳನ್ನು ಓದಿದೆ. ಹಸುವಿನ ಕಸ, ಅಂದರೆ ಕರು ಹಾಕಿದ ಮೇಲೆ ಹೊರಬರುವ ಮಾಸು, ಬೀಳುವ ತನಕ ಕರುವಿಗೆ ಗಿಣ್ಣುಹಾಲು ಕೊಡಬಾರದೆಂದು ಮನೆಯ ಹಿರಿಯರು ಹೇಳುತ್ತಾರೆ, ಏನು ಮಾಡಲಿ ಎಂದು ಕೇಳಿದ್ದೀರಿ. ಪ್ರೊಟೀನ್ ಎಂದರೆ ಪುಷ್ಟಿ ತಾನೇ, ಅದು ಮುಂದೆ ಹಾಲು, ಹಿಂಡಿಯಿಂದಲೂ ಸಿಗುವುದಲ್ಲವೇ ಎಂದೂ ಕೇಳಿದ್ದೀರಿ. ಎರಡನೆಯದು ತಿಳಿದರೆ ಮೊದಲನೆಯದು ತಾನಾಗಿ ಬಗೆಹರಿಯುತ್ತದೆ.

ಪ್ರೊಟೀನ್ ಒಂದೇ ವಸ್ತುವಲ್ಲ. 20 ಬಗೆಯ ಅಮೈನೋ ಆಮ್ಲಗಳನ್ನು ಬೇರೆ ಬೇರೆ ಕ್ರಮದಲ್ಲಿ ಪೋಣಿಸಿದ ಸಾವಿರಾರು ಬಗೆಯ ಸರಗಳಿಗೆಲ್ಲ ಅದೇ ಹೆಸರು. ಸರ ಹೇಗೆ ಮಡಿಚಿಕೊಂಡಿದೆಯೋ ಅದರಂತೆ ಅದರ ಕೆಲಸ. ಗೊರಸಿನ ಕೆರಾಟಿನ್, ರಕ್ತದಲ್ಲಿ ಆಮ್ಲಜನಕ ಹೊರುವ ಹಿಮೋಗ್ಲೋಬಿನ್, ಕರುವಿನ ಹೊಟ್ಟೆಯಲ್ಲಿ ಹಾಲನ್ನು ಗಟ್ಟಿಗೊಳಿಸುವ ಕಿಣ್ವ, ರೋಗಾಣುವನ್ನು ಹಿಡಿದು ನಿಲ್ಲಿಸುವ ಪ್ರತಿಕಾಯ, ಎಲ್ಲವೂ ಪ್ರೊಟೀನೇ. ಕೊಬ್ಬರಿ ಹಿಂಡಿಯ ಪ್ರೊಟೀನ್ ಹೊಟ್ಟೆಯಲ್ಲಿ ಒಡೆದು, ಆ ಚೂರುಗಳಿಂದ ಮೈ ತನಗೆ ಬೇಕಾದುದನ್ನು ಕಟ್ಟಿಕೊಳ್ಳುತ್ತದೆ. ಪ್ರತಿಕಾಯದ ಮಾತು ಹಾಗಲ್ಲ. ಅದು ಒಡೆಯದೆ ಇಡಿಯಾಗಿಯೇ ಕರುವಿನ ರಕ್ತ ಸೇರಬೇಕು.

ಹಸುವಿನ ಗರ್ಭದಲ್ಲಿರುವಾಗ ತಾಯಿಯ ಪ್ರತಿಕಾಯಗಳು ಕರುವಿಗೆ ದಾಟುವುದಿಲ್ಲ, ಅವು ಸಿಗುವುದು ಗಿಣ್ಣುಹಾಲಿನಿಂದಲೇ. ಹುಟ್ಟಿದ ಕರುವಿನ ಕರುಳು ಅವುಗಳನ್ನು ಇಡಿಯಾಗಿ ಒಳಗೆ ಬಿಟ್ಟುಕೊಳ್ಳುವುದು ಸುಮಾರು 24 ಗಂಟೆ ಮಾತ್ರ, ಆ ಶಕ್ತಿಯೂ ಗಂಟೆಗಂಟೆಗೆ ಇಳಿಯುತ್ತ ಹೋಗುತ್ತದೆ. ಅವು ಹೊಟ್ಟೆಯಲ್ಲಿ ಜೀರ್ಣವಾಗದಂತೆ ಪ್ರೊಟೀನನ್ನು ಒಡೆಯುವ ಟ್ರಿಪ್ಸಿನ್ ಎಂಬ ಕಿಣ್ವವನ್ನು ತಡೆಯುವ ಇನ್ನೊಂದು ಪ್ರೊಟೀನ್ ಕೂಡ ಗಿಣ್ಣುಹಾಲಿನಲ್ಲಿಯೇ ಇದೆ. ಈ ಏರ್ಪಾಡನ್ನು ನೆನೆದಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ.

ಗಿಣ್ಣುಹಾಲಿನ ಪ್ರೊಟೀನ್ ಬೇರೆ ಎಂಬುದಕ್ಕೆ ಸಾಕ್ಷಿ ನಮ್ಮ ಶಿರಸಿ ಕಡೆಯ ಅಡುಗೆಮನೆಯಲ್ಲಿಯೇ ಇದೆ. ಸಾಮಾನ್ಯ ಹಾಲು ಎಷ್ಟು ಕುದಿಸಿದರೂ ಒಡೆಯದು, ಏಕೆಂದರೆ ಅದರಲ್ಲಿ ಪ್ರೊಟೀನ್ ಇರುವುದು ಶೇಕಡಾ 3ರ ಮೇಲೆ ಸ್ವಲ್ಪ, ಅದರಲ್ಲಿಯೂ ಹೆಚ್ಚಿನದು ಬಿಸಿ ತಾಳುವ ಕೇಸಿನ್. ಮೊದಲ ಕರಾವಿನ ಹಳದಿ ಹಾಲಿಗೆ ಬೆಲ್ಲ, ಏಲಕ್ಕಿ ಹಾಕಿ ಹಬೆಯಲ್ಲಿಟ್ಟರೆ ಹೆಪ್ಪಿಲ್ಲದೆಯೇ ಗಿಣ್ಣು ಕಟ್ಟುತ್ತದೆ. ಬಿಸಿಗೆ ಮಡಿಕೆ ಬಿಚ್ಚಿ ಒಂದಕ್ಕೊಂದು ಅಂಟಿಕೊಳ್ಳುವ ಪ್ರತಿಕಾಯದಂತಹ ಪ್ರೊಟೀನುಗಳು ಅದರಲ್ಲಿ ಅಷ್ಟು ತುಂಬಿವೆ. ಹಾಗೆ ಕಟ್ಟಿದ ಮೇಲೆ ಅದು ಆಹಾರವಾಗಿ ಉಳಿಯುತ್ತದೆಯೇ ಹೊರತು ಕಾವಲಾಗಿ ಅಲ್ಲ. ಆದ್ದರಿಂದ ಕರುವಿಗೆ ಕುಡಿಸುವ ಹಾಲನ್ನು ಒಲೆಯ ಮೇಲೆ ಇಡಬೇಡಿ, ತಣಿದಿದ್ದರೆ ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಉಗುರುಬೆಚ್ಚಗೆ ಮಾಡಿದರೆ ಸಾಕು.

ಕಸದ ವಿಷಯದಲ್ಲಿ ಹಿರಿಯರ ಕಾಳಜಿ ದೊಡ್ಡದು, ಕ್ರಮ ಮಾತ್ರ ತಿರುಗಬೇಕು. ಕರು ಮೊಲೆಗೆ ಬಾಯಿ ಹಾಕಿದಾಗ ಹಸುವಿನಲ್ಲಿ ಆಕ್ಸಿಟೋಸಿನ್ ಎಂಬ ಹಾರ್ಮೋನು ಹೊರಡುತ್ತದೆ. ಇದು ಕೇವಲ 9 ಅಮೈನೋ ಆಮ್ಲಗಳ ಕಿರುಸರ. ಹಾಲು ತೊರೆಬಿಡುವುದೂ ಗರ್ಭಕೋಶ ಸಂಕುಚಿಸುವುದೂ ಅದರಿಂದಲೇ, ಹಾಗಾಗಿ ಕರು ಚೀಪುವುದು ಕಸ ಬೀಳಲು ನೆರವೇ ಆಗುತ್ತದೆ. ನಮ್ಮ ಕೊಟ್ಟಿಗೆಯಲ್ಲಿ ಹಿಂದೊಮ್ಮೆ ಬೆಳಗ್ಗೆ ಹುಟ್ಟಿದ ಕರುವನ್ನು ಕಸಕ್ಕೆಂದು ಸಂಜೆಯವರೆಗೆ ಕಾಯಿಸಿದೆವು. ವಾರದೊಳಗೆ ಅದಕ್ಕೆ ಭೇದಿ ಹತ್ತಿತು, ಉಳಿಸಿಕೊಳ್ಳಲಾಗಲಿಲ್ಲ.

ಕೆಚ್ಚಲನ್ನು ತೊಳೆದು, ಮೊದಲ ಒಂದೆರಡು ಗಂಟೆಯಲ್ಲಿಯೇ ಕರುವನ್ನು ಬಿಡಿ. ಕರುವಿನ ತೂಕದ ಹತ್ತನೆಯ ಒಂದು ಭಾಗದಷ್ಟು, ಅಂದರೆ 25 ಕಿಲೋ ಇರುವ ಮಿಶ್ರತಳಿ ಕರುವಿಗೆ ಎರಡೂವರೆ ಲೀಟರ್, ಆರು ಗಂಟೆಯೊಳಗೆ ಹೊಟ್ಟೆ ಸೇರಲಿ. ಮಲೆನಾಡು ಗಿಡ್ಡ ತಳಿಯ ಕರು ಚಿಕ್ಕದು, ಅದಕ್ಕೆ ಅದೇ ಲೆಕ್ಕದಲ್ಲಿ ಕಡಿಮೆ ಸಾಕು. ಎದ್ದು ನಿಲ್ಲಲಾಗದ ಕರುವಿಗೆ ಕರೆದ ಹಾಲನ್ನು ಬಾಟಲಿಯಲ್ಲಿ ನಿಧಾನವಾಗಿ ಕುಡಿಸಿ. 12 ಗಂಟೆ ಕಳೆದರೂ ಕಸ ಬೀಳದಿದ್ದರೆ ಕೈಯಿಂದ ಎಳೆಯದೆ ಪಶುವೈದ್ಯರನ್ನು ಕರೆಸಿ. ಕರುವಿಗೆ ಸಾಕಾಗಿ ಮಿಕ್ಕ ಹಾಲನ್ನು ಗಿಣ್ಣಿಗೆ ಇಡಬಹುದು.